ಎರಡು ಎಸಳಿನ ಪೀಪಿ
(ಗುರುವಾಯನಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಬಂಟ್ವಾಳದ ಕಡೆಯಿಂದ ಬಂದ ದಾರಿ ಈ ಗುರುವಾಯನಕೆರೆಯಲ್ಲಿ ಕವಲೊಡೆಯುತ್ತದೆ. ಒಂದು ಬೆಳ್ತಂಗಡಿಗೆ, ಇನ್ನೊಂದು ವೇಣೂರಿನ ಮೇಲೆ ಮೂಡುಬಿದಿರೆಗೆ. ಮದುವೆಯ ತಿಂಗಳುಗಳಲ್ಲಿ ಬೆಳಗ್ಗೆ ಐದೂವರೆಗೆ ಈ ಕವಲಿಗೆ ಬಂದರೆ ವಾದ್ಯದವರು ಕಾಣಸಿಗುತ್ತಾರೆ. ಹೆಗಲಲ್ಲಿ ಡೋಲು, ಕೈಯಲ್ಲಿ ಸ್ಯಾಕ್ಸೋಫೋನಿನ ಕಪ್ಪು ಪೆಟ್ಟಿಗೆ, ಇಸ್ತ್ರಿ ಮಾಡಿದ ಬಿಳಿ ಪಂಚೆ. ಇಪ್ಪತ್ತು ವರ್ಷ ನಾನೂ ಆ ಗುಂಪಿನಲ್ಲಿ ನಿಂತು ಬಸ್ಸಿಗೆ ಕಾದವನು. ಆ ಗುಂಪಿನಲ್ಲಿ ಈಗ ಉದ್ದನೆಯ ಬಟ್ಟೆಚೀಲ ಕಾಣುವುದು ಅಪರೂಪ. ಅದು ನಾಗಸ್ವರದ ಚೀಲ. ಕಪ್ಪು ಪೆಟ್ಟಿಗೆಯನ್ನು ಕೆಳಗಿಟ್ಟು ಆ ಬಟ್ಟೆಚೀಲವನ್ನು ಹೆಗಲಿಗೇರಿಸಿದವನಿಗೆ ಏನೇನಾಗುತ್ತದೆ ಎಂಬುದೇ ಇವತ್ತಿನ ನನ್ನ ಮಾತು. ನಾನು 42ನೆಯ ವಯಸ್ಸಿನಲ್ಲಿ ಹಾಗೆ ಮಾಡಿದೆ. ಹಾಗಾಗಿ ಓದಿ ತಿಳಿದದ್ದಕ್ಕಿಂತ ತುಟಿಯಿಂದ ತಿಳಿದದ್ದನ್ನು ಹೆಚ್ಚು ಹೇಳುತ್ತೇನೆ.

ವಾದ್ಯದ ಪರಿಚಯ ಇಲ್ಲದವರಿಗಾಗಿ ಸ್ವಲ್ಪ ವಿವರ. ಸ್ಯಾಕ್ಸೋಫೋನು ಹಿತ್ತಾಳೆಯದು. ಆದರೂ ಪಾಶ್ಚಾತ್ಯರು ಅದನ್ನು ಕೊಳಲು, ಕ್ಲಾರಿನೆಟ್ಟುಗಳಂಥ ಮರದ ವಾದ್ಯಗಳ ಸಾಲಿನಲ್ಲೇ ಕೂರಿಸುತ್ತಾರೆ. ಅದರ ನಾದ ಹುಟ್ಟುವುದು ಜೊಂಡಿನ ಒಂದು ಚಕ್ಕೆಯಿಂದ, ಅದಕ್ಕೇ ಹಾಗೆ. ತುದಿಯನ್ನು ತೆಳ್ಳಗೆ ಕೆತ್ತಿದ ಆ ಚಕ್ಕೆಯನ್ನು ಮೌತ್‌ಪೀಸಿನ ಅಡಿಗೆ ಪಟ್ಟಿಯಿಂದ ಬಿಗಿಯುತ್ತಾರೆ. ಉಸಿರು ಹೊಕ್ಕಾಗ ಚಕ್ಕೆ ಮೇಲಿನ ಗೋಡೆಗೆ ಬಡಿದು ಬಿಡುತ್ತದೆ, ಬಡಿದು ಬಿಡುತ್ತದೆ. ಅಲುಗುವುದು ಒಂದೇ ಕಡೆ. ಇದು ಒಂಟಿ ರೀಡು. ನಾಗಸ್ವರದಲ್ಲಿ ಆ ಗೋಡೆ ಇಲ್ಲ. ಎರಡು ಎಸಳು ಎದುರುಬದುರಾಗಿ ನಿಂತಿರುತ್ತವೆ, ನಡುವೆ ಅರೆತೆರೆದ ಕಣ್ಣೆವೆಯಷ್ಟು ಸಂದು, ಅಲುಗುವುದು ಎರಡೂ. ತಮಿಳುನಾಡಿನವರು ಇದನ್ನು ಸೀವಾಳಿ ಅನ್ನುತ್ತಾರೆ, ನಮ್ಮ ವಾಲಗದವರ ಬಾಯಲ್ಲಿ ಪೀಪಿ. ಅದನ್ನು ಕೆಂಡೆ ಎಂಬ ಪುಟ್ಟ ಲೋಹದ ಕೊಳವೆಗೆ ಸಿಕ್ಕಿಸಿ, ಕೆಂಡೆಯನ್ನು ಮರದ ಕೊಳವೆಯ ತಲೆಗೆ ಕೂರಿಸುತ್ತಾರೆ. ಕೆಳಗೆ ಅರಳಿದ ಹೂವಿನಂಥ ಅನಸು. ಶಹನಾಯಿ, ಮೂಡಲಪಾಯದ ಮುಖವೀಣೆ, ಉತ್ತರ ಕರ್ನಾಟಕದ ಸನಾದಿ, ಪಾಶ್ಚಾತ್ಯರ ಓಬೋ, ಬಸೂನು, ಇವೆಲ್ಲ ಇದೇ ಎರಡೆಸಳಿನ ಕುಲ.

ನಮ್ಮ ಜಿಲ್ಲೆಯ ಕತೆ ಮಾತ್ರ ಎದುರು ದಿಕ್ಕಿನಲ್ಲಿ ಶುರುವಾಯಿತು. ಇಲ್ಲಿಂದ ದೂರವೇನಿಲ್ಲ, ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ 1949ರ ಡಿಸೆಂಬರ್ 6ರಂದು ಕದ್ರಿ ಗೋಪಾಲನಾಥರು ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನ ತುಟಿಗೆ ಮೊದಲು ತಾಗಿದ್ದು ಎರಡೆಸಳಿನ ಪೀಪಿಯೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನು ಕೇಳಿ ಮನಸೋತು, ನುಡಿಸಿದರೆ ಇದನ್ನೇ ನುಡಿಸಬೇಕು ಎಂದು ಹಟ ತೊಟ್ಟರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಪಾಠವಾಯಿತು, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರು ಕೈಹಿಡಿದರು. ವಾದ್ಯ ಪೂರ್ತಿ ವಶವಾಗಲು ಎರಡು ದಶಕದಷ್ಟು ಕಾಲ ಬೇಕಾಯಿತು. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ತಾನೂ ಜೊತೆಗೆ ನುಡಿಸುತ್ತೇನೆಂದು ಮುಂದೆ ಬಂದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ಕಛೇರಿ, ಅದೇ ವರ್ಷ ‘ಡ್ಯುಯೆಟ್’ ಚಿತ್ರದ ಮೂಲಕ ಮನೆಮನೆಗೂ ಅವರ ನಾದ, 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಇದೆಲ್ಲ ನಿಮಗೆ ಗೊತ್ತಿರುವ ಸಂಗತಿ. ನಾನು ಒತ್ತಿ ಹೇಳಬೇಕೆಂದಿರುವುದು ಬೇರೆ ಒಂದು ಮಾತು. ಆಡೋಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಂ ದೇಶದ ಕುಶಲಕರ್ಮಿ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯದಲ್ಲಿ ಪ್ರತಿ ಸ್ವರಕ್ಕೂ ಒಂದೊಂದು ಕೀಲಿಯ ಏರ್ಪಾಡು. ಒತ್ತಿದರೆ ಸ್ವರ, ಬಿಟ್ಟರೆ ಇನ್ನೊಂದು ಸ್ವರ. ಮಿಲಿಟರಿ ಬ್ಯಾಂಡಿಗೆ ಅದು ಸಾಕು. ನಮ್ಮ ಗಮಕಕ್ಕೆ ಸಾಲದು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲೇ ರಾಗ ಇರುವುದು, ಕೀಲಿ ಆ ದಾರಿಯನ್ನು ಕತ್ತರಿಸಿಬಿಡುತ್ತದೆ. ಗೋಪಾಲನಾಥರು ಕೀಲಿಯನ್ನು ಅರ್ಧ ಒತ್ತಿ, ದವಡೆಯನ್ನು ಸಡಿಲಿಸಿ ಬಿಗಿದು, ತುಟಿಯಿಂದ ಜಾರಿಸಿ ಆ ದಾರಿಯನ್ನು ಮತ್ತೆ ಕೂಡಿಸಿದರು. ಸ್ವರ ಎಲ್ಲಿಗೆ ಹೋಗಬೇಕೆಂದು ಅವರ ಕಿವಿಗೆ ಮೊದಲೇ ಗೊತ್ತಿತ್ತು. ತನಿಯಪ್ಪನವರ ನಾಗಸ್ವರ ಅದನ್ನು ಕಲಿಸಿತ್ತು. ಎ. ಕನ್ಯಾಕುಮಾರಿಯವರ ವಯೊಲಿನ್ ಜೊತೆಗೆ ಅವರು ನುಡಿಸಿದ ಧ್ವನಿಮುದ್ರಿಕೆ ಇದ್ದರೆ ಕಣ್ಣುಮುಚ್ಚಿ ಕೇಳಿ, ಉದ್ದನೆಯ ಸಂಗತಿಗಳ ಕೊನೆಯಲ್ಲಿ ಅನಸು ಕಾಣುತ್ತದೆ.

ನಾವು, ಅವರ ಹಿಂದೆ ಬಂದವರು, ಗೋಪಾಲನಾಥರನ್ನು ಕೇಳಿ ಸ್ಯಾಕ್ಸೋಫೋನು ಕಲಿತೆವು. ನಮ್ಮ ಹಿಂದೆ ಬರುತ್ತಿರುವವರು ನಮ್ಮನ್ನು ಕೇಳಿ ಕಲಿಯುತ್ತಿದ್ದಾರೆ. ಅವರಿಗೆ ದಾರಿಯ ಮೂಲ ಗೊತ್ತಿಲ್ಲ, ದಾರಿಯ ನಕಲು ಮಾತ್ರ ಗೊತ್ತು. ನನಗೂ ಗೊತ್ತಿರಲಿಲ್ಲ.

ಜಿಲ್ಲೆಯ ವಾಲಗದವರೆಲ್ಲ ಯಾಕೆ ಆ ಕಡೆ ಹೊರಳಿದರು ಎಂದು ಕೇಳುವವರಿದ್ದಾರೆ, ಸ್ವಲ್ಪ ಆಕ್ಷೇಪದ ದನಿಯಲ್ಲಿ. ಆಕ್ಷೇಪಕ್ಕೆ ನಾನು ಒಪ್ಪುವುದಿಲ್ಲ. ಸ್ಯಾಕ್ಸೋಫೋನಿನ ರೀಡು ಪೆಟ್ಟಿಗೆಯಲ್ಲಿ ಸಿಗುತ್ತದೆ, ಎರಡು, ಎರಡೂವರೆ, ಮೂರು ಎಂದು ಗಡಸುತನದ ನಂಬರು ಹಾಕಿರುತ್ತದೆ. ಒಂದು ಹಾಳಾದರೆ ಇನ್ನೊಂದು ಹಾಗೇ ಇರುತ್ತದೆ. ಮದುವೆ ಹಾಲಿನಲ್ಲಿ ಕೀಬೋರ್ಡಿನವನು ಯಾವ ಶ್ರುತಿ ಹಿಡಿದರೂ ಹೊಂದಿಸಬಹುದು. ಧಾರೆಯ ಹೊತ್ತಿಗೆ ಕೀರ್ತನೆ, ಊಟದ ಹೊತ್ತಿಗೆ ಸಿನಿಮಾ ಹಾಡು, ಎರಡಕ್ಕೂ ಒಂದೇ ವಾದ್ಯ ಸಾಕು. ಇವಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಾಗಸ್ವರ ಎಂದರೆ ದೇವಸ್ಥಾನದ ಊಳಿಗ, ಜಾತಿಗೆ ಕಟ್ಟಿದ ಕೆಲಸ. ಬರಿಮೈಯಲ್ಲಿ ಹೊರಗೆ ನಿಲ್ಲಬೇಕು, ಕರೆದಾಗ ನುಡಿಸಬೇಕು. ಶೇರಿಗಾರ, ದೇವಾಡಿಗ, ಜೋಗಿ ಮನೆಗಳ ಹುಡುಗರಿಗೆ ಆ ನಿಲುವಿನ ನೆನಪು ಹಿತವಾಗಿರಲಿಲ್ಲ. ಉಂಬಳಿಯ ಕಾಲ ಮುಗಿದ ಮೇಲೆ ಊಳಿಗ ಉಳಿಯಿತು, ಹೊಟ್ಟೆಗೆ ಆಧಾರ ಉಳಿಯಲಿಲ್ಲ. ಗೋಪಾಲನಾಥರು ಹಣೆತುಂಬ ನಾಮ, ಮೈತುಂಬ ಜರಿ, ಕೈತುಂಬ ಉಂಗುರ ಧರಿಸಿ ವೇದಿಕೆಯ ನಡುವೆ ಕೂತರು. ಜಮಖಾನದ ಮೇಲೆ, ಮೈಕಿನ ಎದುರು, ಮೃದಂಗ ಪಿಟೀಲು ಎರಡೂ ಬದಿಯಲ್ಲಿ. ಆ ಚಿತ್ರ ನಮ್ಮ ಹುಡುಗರ ಎದೆಯಲ್ಲಿ ಏನು ಮಾಡಿತು ಎಂದು ಹೊರಗಿನವರಿಗೆ ಸುಲಭವಾಗಿ ತಿಳಿಯಲಿಕ್ಕಿಲ್ಲ. ನನ್ನ ತಂದೆ ನನಗೆ ಸ್ಯಾಕ್ಸೋಫೋನು ಕೊಡಿಸಿದಾಗ ಅವರ ಕಣ್ಣಲ್ಲಿ ಆ ಚಿತ್ರವೇ ಇತ್ತು.

ಇನ್ನು ನನ್ನ ಕತೆ. ಒಂದು ದೇವಸ್ಥಾನದ ಜಾತ್ರೆ. ಉತ್ಸವಬಲಿಯಲ್ಲಿ ಭಟ್ಟರು ದೇವರನ್ನು ತಲೆಯ ಮೇಲೆ ಹೊತ್ತು ಕುಣಿಯುವ ಸುತ್ತುಗಳು ನಿಮಗೆ ಗೊತ್ತು. ಚೆಂಡೆ ಸುತ್ತು, ಉಡುಕೆ ಸುತ್ತು, ವಾಲಗದ ಸುತ್ತು, ಸರ್ವವಾದ್ಯ. ಆ ಊರಿನ ನಾಗಸ್ವರದ ಹಿರಿಯರಿಗೆ ಅವತ್ತು ಮೈ ಹುಷಾರಿರಲಿಲ್ಲ. ವಾಲಗದ ಸುತ್ತನ್ನು ನಾನು ಸ್ಯಾಕ್ಸೋಫೋನಿನಲ್ಲಿ ನುಡಿಸಿದೆ. ತಪ್ಪು ನುಡಿಸಲಿಲ್ಲ, ಜನ ತಲೆದೂಗಿದರು. ಬಲಿ ಮುಗಿದ ಮೇಲೆ ದೇವರನ್ನು ಹೊತ್ತ ಭಟ್ಟರು ಬೆವರು ಒರೆಸುತ್ತ ನನ್ನ ಹತ್ತಿರ ಬಂದು ಮೆಲ್ಲಗೆ, ಬೈಗುಳವಿಲ್ಲದೆ, ಒಂದು ಮಾತು ಹೇಳಿದರು: “ಚೆಂದ ಇತ್ತು. ಆದರೆ ಹೆಜ್ಜೆಗೆ ಸಿಗಲಿಲ್ಲ.”

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಸ್ಯಾಕ್ಸೋಫೋನಿನ ಸ್ವರ ಹುಟ್ಟುವಾಗ ದುಂಡಗೆ, ಮೆತ್ತಗೆ ಹುಟ್ಟುತ್ತದೆ. ನಾಗಸ್ವರದ ಸ್ವರಕ್ಕೆ ಅಂಚಿದೆ. ಹೊರಾಂಗಣದಲ್ಲಿ, ಡೋಲಿನ ಅಬ್ಬರದ ನಡುವೆ, ತಲೆಯ ಮೇಲೆ ಭಾರ ಹೊತ್ತು ಪಾದ ಎತ್ತಿದವರಿಗೆ ಆ ಅಂಚೇ ಆಧಾರ. ಅಂಚಿಲ್ಲದ ನಾದ ಕಿವಿಗೆ ಹೋಗುತ್ತದೆ, ಕಾಲಿಗೆ ಹೋಗುವುದಿಲ್ಲ. ಆ ವರ್ಷ ಪತ್ತನಾಜೆ ಮುಗಿಯುತ್ತಲೇ ಆ ನಾಗಸ್ವರದ ಹಿರಿಯರ ಮನೆಗೆ ಹೋದೆ. ತುಳುವರ ಬೇಶ್ಯ ತಿಂಗಳ ಹತ್ತಕ್ಕೆ ಪತ್ತನಾಜೆ, ಆಮೇಲೆ ದೀಪಾವಳಿಯವರೆಗೆ ಕೋಲವಿಲ್ಲ, ಜಾತ್ರೆಯಿಲ್ಲ, ಯಕ್ಷಗಾನದ ಆಟವಿಲ್ಲ. ವಾದ್ಯದವನಿಗೆ ಕಲಿಯಲು ಇರುವುದೇ ಆ ಐದು ತಿಂಗಳ ಮಳೆ.

ಅವರು ನನ್ನ ಕೈಗೆ ನಾಗಸ್ವರ ಕೊಡಲಿಲ್ಲ. ಒಂದು ಪೀಪಿ ಕೊಟ್ಟರು. “ಇದನ್ನು ಊದು.” ಇಪ್ಪತ್ತು ವರ್ಷ ನುಡಿಸಿದವನು ನಾನು. ಊದಿದೆ. ಉಸಿರು ಹೋಯಿತು, ಸದ್ದಿಲ್ಲ. ಇನ್ನೂ ಜೋರಾಗಿ ಊದಿದೆ. ಎಸಳುಗಳು ಮುಚ್ಚಿಕೊಂಡವು, ಉಸಿರೂ ಹೋಗಲಿಲ್ಲ.

ಆಗಿದ್ದೇನೆಂದರೆ ಹೀಗೆ. ಸ್ಯಾಕ್ಸೋಫೋನಿನಲ್ಲಿ ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಕೂರುತ್ತದೆ, ಕೆಳತುಟಿ ಕೆಳಹಲ್ಲಿನ ಮೇಲೆ ಮಡಚಿ ರೀಡಿಗೆ ಮೆತ್ತೆಯಾಗುತ್ತದೆ. ಹಿಡಿತದ ಅರ್ಧ ಭಾರ ಹಲ್ಲಿನದು. ಪೀಪಿಯಲ್ಲಿ ಹಲ್ಲಿಗೆ ಜಾಗವೇ ಇಲ್ಲ, ಎರಡೂ ಕಡೆ ತುಟಿಯೇ ಹಿಡಿಯಬೇಕು. ನನ್ನ ದವಡೆಗೆ ಕಚ್ಚುವ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿತ್ತೆಂದರೆ ಮೊದಲ ವಾರದಲ್ಲಿ ಎರಡು ಪೀಪಿ ಸೀಳಿದೆ. ಒಂದೊಂದು ಪೀಪಿಯ ಬೆಲೆ ಗೊತ್ತಿದ್ದೂ ಅವರು ಮುಖ ಸಿಂಡರಿಸಲಿಲ್ಲ. ಕೆನ್ನೆಯ ಮೇಲೆ ಬೆರಳಿಟ್ಟು “ಹಲ್ಲನ್ನು ಮರೆ, ತುಟಿಯನ್ನು ಚೀಲದ ಬಾಯಿ ಕಟ್ಟಿದ ಹಾಗೆ ಸುತ್ತಲಿಂದ ತಾ” ಎಂದರು. ಸಂಪಿಗೆಯ ಮೊಗ್ಗು ಹಿಡಿದಷ್ಟೇ ಹಿಡಿತ ಸಾಕು, ಆದರೆ ಅದು ಎಲ್ಲ ಕಡೆಯಿಂದ ಸಮನಾಗಿ ಬರಬೇಕು. ತುಟಿಯ ಸುತ್ತಲಿನ ಸಣ್ಣ ಸ್ನಾಯುಗಳು ನನ್ನಲ್ಲಿ ಬೆಳೆದೇ ಇರಲಿಲ್ಲ. ಐದು ನಿಮಿಷಕ್ಕೆ ನಡುಗುತ್ತಿದ್ದವು. ಹತ್ತು ನಿಮಿಷಕ್ಕೆ ಸತ್ತುಹೋಗುತ್ತಿದ್ದವು.

ಉಸಿರಿನ ವಿಷಯ ಇದಕ್ಕಿಂತ ಕಷ್ಟ. ಸ್ಯಾಕ್ಸೋಫೋನಿಗೆ ಬೇಕಾದದ್ದು ಧಾರಾಳ ಉಸಿರು, ಹಂಡೆಯಿಂದ ನೀರು ಸುರಿದ ಹಾಗೆ. ಪೀಪಿಯ ಸಂದು ಚಿಕ್ಕದು, ಅದರ ಮೂಲಕ ಹೋಗುವುದು ಸ್ವಲ್ಪ, ಆದರೆ ಅದನ್ನು ತಳ್ಳಲು ಒತ್ತಡ ಬಹಳ ಬೇಕು. ಹೊರಗೆ ಹೋಗಲಾರದ ಉಸಿರು ಎದೆಯಲ್ಲಿ ಉಳಿದುಬಿಡುತ್ತದೆ. ಸ್ವರ ಮುಗಿಯಿತು, ಉಸಿರಿಗಾಗಿ ಜೀವ ಒದ್ದಾಡುತ್ತದೆ, ಆದರೆ ಎದೆ ತುಂಬಿಯೇ ಇದೆ! ಹಳೆಯ ಉಸಿರನ್ನು ಮೊದಲು ಹೊರಹಾಕಿ ಆಮೇಲೆ ಹೊಸದನ್ನು ಎಳೆದುಕೊಳ್ಳಬೇಕು. ಓಬೋ ನುಡಿಸುವವರೂ ಇದನ್ನೇ ಮೊದಲು ಕಲಿಯುತ್ತಾರೆ. ನನಗೆ ಇದು ತಿಳಿಯುವವರೆಗೆ ತಲೆ ಸುತ್ತಿ ಜಗಲಿಯ ಕಂಬ ಹಿಡಿದು ಕೂರುತ್ತಿದ್ದೆ. ಗುರುಗಳ ಬಳಿ ಒತ್ತಡ, ಪ್ರಮಾಣ ಎಂಬ ಪದಗಳಿರಲಿಲ್ಲ. “ಕೊರಳಿಂದ ಬೇಡ, ಹೊಕ್ಕುಳಿಂದ” ಎನ್ನುತ್ತಿದ್ದರು. ಆಟಿಯ ಮಳೆ ಮಾಡಿನ ಮೇಲೆ ಸುರಿಯುತ್ತಿದ್ದ ಒಂದು ಸಂಜೆ ಪೀಪಿಯಿಂದ ಅಲುಗಾಡದ ಒಂದೇ ಸ್ವರ ಬಂತು, ನಿಂತಿತು. ಅವರು ಒಳಗಿನಿಂದ ಕೂಗಿದ್ದು “ಹಾಂ, ಅದು” ಎಂದಷ್ಟೇ. ಮರುದಿನ ನಾಗಸ್ವರ ಕೈಗೆ ಬಂತು.

ಬೆರಳುಗಳು ಸುಲಭವಾದಾವು ಅಂದುಕೊಂಡಿದ್ದೆ. ಸ್ಯಾಕ್ಸೋಫೋನಿನ ಇಪ್ಪತ್ತಕ್ಕೂ ಮಿಕ್ಕ ಕೀಲಿ ಬಲ್ಲವನಿಗೆ ಏಳು ತೂತು ಯಾವ ಲೆಕ್ಕ? ಮೇಲೆ ಬೆರಳಿಗೆ ಏಳು, ಕೆಳಗೆ ಶ್ರುತಿ ಹೊಂದಿಸಲು ಮೇಣ ಮೆತ್ತುವ ಐದು, ಅಷ್ಟೆ. ಆದರೆ ಆ ತೂತುಗಳು ಬೋಳು. ಮೆತ್ತೆಯಿಲ್ಲ, ಸ್ಪ್ರಿಂಗಿಲ್ಲ. ಬೆರಳ ತುದಿಯಿಂದ ಮುಚ್ಚಲಾಗದಷ್ಟು ದೂರ ದೂರ, ಬೆರಳನ್ನು ಚಪ್ಪಟೆಯಾಗಿ ಮಲಗಿಸಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಸ್ವರ ಹರಿಯುತ್ತದೆ. ಶಂಕರಾಭರಣಕ್ಕೂ ಕಲ್ಯಾಣಿಗೂ ಇರುವ ವ್ಯತ್ಯಾಸ ಮಧ್ಯಮ ಒಂದರದು, ಅದರಲ್ಲಿ ಶುದ್ಧ ಮಧ್ಯಮ, ಇದರಲ್ಲಿ ಪ್ರತಿಮಧ್ಯಮ. ಸ್ಯಾಕ್ಸೋಫೋನಿನಲ್ಲಿ ಆ ವ್ಯತ್ಯಾಸ ಒಂದು ಬೆರಳಿನ ಕೆಲಸ. ನಾಗಸ್ವರದಲ್ಲಿ ಶುದ್ಧ ಮಧ್ಯಮ ತುಟಿ, ಉಸಿರು, ಅರೆಮುಚ್ಚಿದ ಬೆರಳು ಮೂರೂ ಸೇರಿ ಹುಟ್ಟಿಸಬೇಕಾದ ಸ್ವರ. ಹಿಂದಿನ ಗಿಡ್ಡನೆಯ ತಿಮಿರಿ ನಾಗಸ್ವರದಲ್ಲಿ ಅದು ಎಷ್ಟು ಪೀಡಿಸುತ್ತಿತ್ತೆಂದರೆ, ಅದು ಸಲೀಸಾಗಿ ಬರುವಂಥ ಉದ್ದನೆಯ ಬಾರಿ ನಾಗಸ್ವರವನ್ನು ವಿದ್ವಾಂಸ ಟಿ.ಎನ್. ರಾಜರತ್ನಂ ಪಿಳ್ಳೆಯವರಿಗಾಗಿ ನರಸಿಂಗಂಪೇಟೆಯ ರಂಗನಾಥನ್ ಆಚಾರಿ ಮಾಡಿಕೊಟ್ಟರು. ನಾವು ಇಂದು ಹಿಡಿಯುವುದು ಹೆಚ್ಚಾಗಿ ಆ ಮಾದರಿಯನ್ನೇ. ಅಷ್ಟಾದರೂ ಮಧ್ಯಮ ತಾನಾಗಿ ಬಂದು ಕೂರುವುದಿಲ್ಲ. ಕಿವಿ ಮೊದಲು ಅಲ್ಲಿಗೆ ಹೋಗಿರಬೇಕು, ತುಟಿ ಹಿಂದಿನಿಂದ ಹೋಗುತ್ತದೆ.

ನನಗೆ ಇಲ್ಲಿಯೇ ಕಣ್ಣು ತೆರೆಯಿತು. ಇಪ್ಪತ್ತು ವರ್ಷ ನಾನು ಕಲ್ಯಾಣಿ ನುಡಿಸಿದ್ದೆ, ಆದರೆ ಪ್ರತಿಮಧ್ಯಮವನ್ನು ಕೇಳಿಸಿಕೊಂಡೇ ಇರಲಿಲ್ಲ. ಕೀಲಿ ಅದನ್ನು ನನ್ನ ಪರವಾಗಿ ಕೇಳಿಸಿಕೊಂಡಿತ್ತು.

ನಾಲಗೆಯ ಕೆಲಸಕ್ಕೆ ನಾಗಸ್ವರದವರು ತುತ್ತುಕಾರ ಅನ್ನುತ್ತಾರೆ. ತು, ತು, ಕು ಎಂದು ಒಳಗೊಳಗೇ ಉಚ್ಚರಿಸುತ್ತ ಎರಡೆಸಳಿನ ತುದಿಯನ್ನು ಒಟ್ಟಿಗೆ ಮುಟ್ಟಿ ಬಿಡಬೇಕು. ಸ್ಯಾಕ್ಸೋಫೋನಿನಲ್ಲಿ ನಾಲಗೆ ಕೆಳಗಿನಿಂದ ರೀಡನ್ನು ತಟ್ಟುತ್ತದೆ, ಸ್ವರ ಮೆಲ್ಲಗೆ ಬಿಡಿಸಿಕೊಳ್ಳುತ್ತದೆ. ಇಲ್ಲಿ ಸಿಡಿಯುತ್ತದೆ. ಭಟ್ಟರ ಹೆಜ್ಜೆ ಹುಡುಕಿದ್ದು ಇದನ್ನು.

ಪೀಪಿಯೇ ಒಂದು ಬೇರೆ ಲೋಕ. ಕಾವೇರಿ ದಂಡೆಯ ತಿರುವಾವಡುದುರೈ ಸುತ್ತಿನಲ್ಲಿ ಇದನ್ನು ಕಟ್ಟುವ ಕುಟುಂಬಗಳಿವೆ. ನದಿ ದಂಡೆಯ ಜೊಂಡು, ಕೈಯ ಕೆಲಸ, ನಂಬರು ಇಲ್ಲ. ಒಂದರಂತೆ ಇನ್ನೊಂದಿಲ್ಲ. ನಾಗಸ್ವರದ ಕುತ್ತಿಗೆಯಲ್ಲಿ ದಾರದಿಂದ ತೂಗುವ ಗೊಂಚಲನ್ನು ನೀವು ಅಲಂಕಾರ ಎಂದುಕೊಂಡಿರಬಹುದು. ಅಲ್ಲಿರುವುದು ಹೆಚ್ಚಿನ ಪೀಪಿಗಳು, ಜೊತೆಗೆ ಎಸಳಿನ ನಡುವಿನ ಎಂಜಲು ತೆಗೆಯಲು, ಬಾಯಿ ಅಗಲಿಸಲು ದಂತ ಅಥವಾ ಕೊಂಬಿನ ಒಂದು ಸೂಜಿ. ನಮ್ಮ ಮಳೆಗಾಲದಲ್ಲಿ ಪೀಪಿ ಬೂಸಲು ಹಿಡಿಯುತ್ತದೆ, ಮಾಘದ ಒಣಗಾಳಿಗೆ ಬಿರಿಯುತ್ತದೆ. ಬೆಳಗಿನ ಪೂಜೆಗೆ ಚೆನ್ನಾಗಿ ನುಡಿದದ್ದು ರಾತ್ರಿಯ ಬಲಿಗೆ ಮುನಿಯುತ್ತದೆ. ಸ್ಯಾಕ್ಸೋಫೋನಿನವನು ಹೊಸ ರೀಡು ಹಾಕಿ ಮುಂದೆ ಹೋಗುತ್ತಾನೆ. ನಾಗಸ್ವರದವನು ಪೀಪಿಯನ್ನು ಹಾಲುಗೂಸಿನ ಹಾಗೆ ನೋಡಿಕೊಳ್ಳುತ್ತಾನೆ, ಬೇರೆ ದಾರಿಯಿಲ್ಲ.

(ಇಲ್ಲಿ ಒಂದು ನಿಮಿಷ. ನನ್ನ ವಿದ್ಯಾರ್ಥಿ ಇಲ್ಲೇ ಕೂತಿದ್ದಾನೆ. ಆ ಲೋಟದ ನೀರಿಗೆ ಪೀಪಿ ಹಾಕಿಬಿಡಪ್ಪ, ಮಾತು ಮುಗಿಯುವಷ್ಟರಲ್ಲಿ ನೆನೆಯಲಿ. ಹಳಬರು ಬಾಯಲ್ಲೇ ನೆನೆಸುತ್ತಾರೆ, ಮಾತಾಡುವವನಿಗೆ ಅದು ಆಗುವುದಿಲ್ಲ.)

ಈ ದಾರಿ ನಾನೊಬ್ಬನೇ ನಡೆದದ್ದಲ್ಲ. ಚಾರ್ಲಿ ಮರಿಯಾನೋ ಎಂಬ ಅಮೆರಿಕದ ಸ್ಯಾಕ್ಸೋಫೋನ್ ವಾದಕರಿದ್ದರು. 1923ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದವರು. ಜಾಝ್ ಲೋಕದಲ್ಲಿ ಹೆಸರು ಮಾಡಿದ ಮೇಲೆ, ನಲವತ್ತು ದಾಟಿದಾಗ, ಮಲೇಷ್ಯಾದಲ್ಲಿ ನಾಗಸ್ವರ ಕೇಳಿದರು. ಬಿಡಲಾಗಲಿಲ್ಲ, ಕಲಿತರು. 1976ರ ‘ಹೆಲೆನ್ 12 ಟ್ರೀಸ್’ ಧ್ವನಿಮುದ್ರಿಕೆಯಲ್ಲಿ ಸ್ಯಾಕ್ಸೋಫೋನಿನ ಜೊತೆಗೆ ಅವರ ನಾಗಸ್ವರವೂ ಇದೆ. ಆಮೇಲೆ ಬೆಂಗಳೂರಿಗೆ ಬಂದು ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ನಂಟು ಬೆಳೆಸಿದರು. ಆರ್.ಎ. ರಮಾಮಣಿಯವರ ಹಾಡಿಕೆಯೊಂದಿಗೆ 1983ರಲ್ಲಿ ‘ಜ್ಯೋತಿ’ ಹೊರಬಂತು. ಅದರಲ್ಲಿ ಮರಿಯಾನೋ ಕೈಯಲ್ಲಿರುವುದು ಮತ್ತೆ ಸ್ಯಾಕ್ಸೋಫೋನು, ಕೊಳಲು. ಆದರೆ ರಮಾಮಣಿಯವರ ಸ್ವರದ ಪಕ್ಕದಲ್ಲಿ ಆ ಸ್ಯಾಕ್ಸೋಫೋನು ತಡವರಿಸದೆ ನಡೆಯುವುದನ್ನು ಕೇಳಿದಾಗ, ನಾಗಸ್ವರದ ಮನೆಗೆ ಹೋಗಿಬಂದವನ ನಡೆ ಇದು ಅನ್ನಿಸುತ್ತದೆ ನನಗೆ. 2009ರಲ್ಲಿ ಅವರು ತೀರಿಕೊಂಡರು. ಯೂಸೆಫ್ ಲತೀಫ್ ಎಂಬ ಇನ್ನೊಬ್ಬರು ಟೆನರ್ ಸ್ಯಾಕ್ಸೋಫೋನಿನಿಂದ ಓಬೋಗೆ ಕೈಚಾಚಿದವರು, 1961ರ ‘ಈಸ್ಟರ್ನ್ ಸೌಂಡ್ಸ್’ನಲ್ಲಿ ಅದನ್ನು ಕೇಳಬಹುದು.

ನಮ್ಮ ತಿರುಚಿರಾಪಳ್ಳಿಯ ಎ.ಕೆ.ಸಿ. ನಟರಾಜನ್ ಅವರನ್ನೂ ನೆನೆಯಬೇಕು. ಕ್ಲಾರಿನೆಟ್ಟನ್ನು ಕರ್ನಾಟಕ ಸಂಗೀತದ ಎತ್ತರಕ್ಕೆ ಒಯ್ದವರು, 2008ರ ಸಂಗೀತ ಕಲಾನಿಧಿ. ಒಂಟಿ ರೀಡಿನ ಮಹಾವಿದ್ವಾಂಸರಾದ ಅವರು ನಾಗಸ್ವರವನ್ನೂ ಶಿಸ್ತಾಗಿ ಕಲಿತವರು. ಅವರನ್ನು ‘ಕ್ಲಾರಿನೆಟ್ ಎವರೆಸ್ಟ್’ ಎಂದು ಕರೆದದ್ದು ರಾಜರತ್ನಂ ಪಿಳ್ಳೆಯವರೇ. ಕರ್ನಾಟಕ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಜಾಝ್ ಸ್ಯಾಕ್ಸೋಫೋನು ಹಿಡಿದವರು. ಅವರು ತಮ್ಮ ಬೇರು ಹುಡುಕುತ್ತ ಗೋಪಾಲನಾಥರ ಬಳಿಗೆ ಬಂದರು, 2008ರಲ್ಲಿ ಇಬ್ಬರೂ ಸೇರಿ ನುಡಿಸಿದ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆ ಬಂತು. ಸಜೀಪಮೂಡದ ನಾಗಸ್ವರ ಹೀಗೆ ಸಮುದ್ರ ದಾಟಿತು, ಬೇರೆ ವಾದ್ಯದ ಒಳಗೆ ಕೂತು.

ಎರಡೆಸಳಿನ ವಾದ್ಯಕ್ಕೆ ಕೀಲಿ ಜೋಡಿಸಿ ಸುಲಭ ಮಾಡುವ ಪ್ರಯತ್ನವೂ ಆಗಿದೆ. 1856ರಲ್ಲಿ ಫ್ರಾನ್ಸಿನಲ್ಲಿ ಸಾರುಸೋಫೋನ್ ಎಂಬ ಲೋಹದ ವಾದ್ಯ ಬಂತು, ಸ್ಯಾಕ್ಸೋಫೋನಿನಂಥ ಮೈ, ಎರಡೆಸಳಿನ ಬಾಯಿ. ಕೆಲವು ಕಾಲ ಬ್ಯಾಂಡುಗಳಲ್ಲಿ ನುಡಿಯಿತು, ಈಗ ಅದನ್ನು ನೋಡಿದವರೇ ಕಡಿಮೆ.

ನಿಮ್ಮಲ್ಲಿ ಹಲವರಿಗೆ 1977ರ ‘ಸನಾದಿ ಅಪ್ಪಣ್ಣ’ ಚಿತ್ರ ನೆನಪಿರಬಹುದು. ಡಾ. ರಾಜಕುಮಾರ್ ತುಟಿಯಲ್ಲಿದ್ದ ಸನಾದಿಗೆ ನಾದ ಕೊಟ್ಟವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಕನ್ನಡ ನಾಡು ಎರಡೆಸಳಿನ ವಾದ್ಯದ ನೋವನ್ನು ಇಷ್ಟು ಹತ್ತಿರದಿಂದ ಕೇಳಿದ್ದು ಆ ಒಂದು ಸಲ. ಚಿತ್ರಮಂದಿರದಲ್ಲಿ ಅತ್ತವರು ಮನೆಗೆ ಹೋದ ಮೇಲೆ ಪಕ್ಕದ ಊರಿನ ವಾಲಗದವನನ್ನು ಕೇಳಿದರೇ ಎಂಬ ಪ್ರಶ್ನೆ ನನ್ನನ್ನು ಆಗಾಗ ಕಾಡುತ್ತದೆ.

ಮತ್ತೆ ನನ್ನ ಕತೆಗೆ ಬರುತ್ತೇನೆ. ಒಂದು ಸುತ್ತನ್ನು ತಡೆಯಿಲ್ಲದೆ ನುಡಿಸಲು ನನಗೆ 14 ತಿಂಗಳು ಬೇಕಾಯಿತು. ಮೊದಲ ಆರು ತಿಂಗಳು ಎರಡೂ ವಾದ್ಯವನ್ನು ಒಂದೇ ದಿನ ಮುಟ್ಟಲಾಗುತ್ತಿರಲಿಲ್ಲ. ಬೆಳಗ್ಗೆ ಪೀಪಿ ಹಿಡಿದ ತುಟಿ ಸಂಜೆ ಸ್ಯಾಕ್ಸೋಫೋನಿನಲ್ಲಿ ಸಡಿಲಾಗುತ್ತಿತ್ತು, ಸ್ವರ ಕೆಳಗೆ ಜೋಲುತ್ತಿತ್ತು. ಕೆಲವು ಮದುವೆಗಳನ್ನು ಬಿಡಬೇಕಾಯಿತು. ಮನೆಯಲ್ಲಿ ಆ ವರ್ಷ ಕಷ್ಟವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮುಂದೆ ದೇಹವೇ ಎರಡನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಂಡಿತು, ತುಳುವಿನಿಂದ ಕನ್ನಡಕ್ಕೆ ಹೊರಳುವಾಗ ನಾವು ಯೋಚಿಸದಿರುವ ಹಾಗೆ. ಈಗ ನಾನು ಸ್ಯಾಕ್ಸೋಫೋನು ನುಡಿಸಿದರೆ ಹಳೆಯ ಶ್ರೋತೃಗಳು ಏನೋ ಬದಲಾಗಿದೆ ಅನ್ನುತ್ತಾರೆ. ನಾನು ಕಡಿಮೆ ಸ್ವರ ನುಡಿಸುತ್ತೇನೆ. ಒಂದು ಸ್ವರಕ್ಕೆ ಹೋಗುವ ಮೊದಲು ಅದನ್ನು ಕೇಳುತ್ತೇನೆ.

ಆದ್ದರಿಂದ ನಾನು ಸ್ಯಾಕ್ಸೋಫೋನಿನ ಹುಡುಗರಿಗೆ ಅದನ್ನು ಬಿಡಿ ಎಂದು ಹೇಳುವುದೇ ಇಲ್ಲ. ಅದು ನಮಗೆ ಅನ್ನ ಕೊಟ್ಟಿದೆ, ತಲೆಯೆತ್ತಿ ಕೂರಲು ಕಲಿಸಿದೆ. ಆದರೆ ಒಂದು ಮಳೆಗಾಲ, ಒಂದೇ ಒಂದು ಮಳೆಗಾಲ, ಪೀಪಿಗೆ ಕೊಡಿ. ಕಛೇರಿ ಮಾಡುವಷ್ಟು ಬರದಿದ್ದರೂ ಚಿಂತೆಯಿಲ್ಲ. ಗೋಪಾಲನಾಥರು ಯಾವ ಮನೆಯಿಂದ ಹೊರಟರೋ ಆ ಮನೆಯ ಒಳಗೆ ಏನಿತ್ತೆಂದು ತಿಳಿಯದೆ ಅವರ ದಾರಿಯಲ್ಲಿ ನಡೆಯುತ್ತೇವೆ ಅನ್ನುವುದು ಹೇಗೆ?

ದೇವಸ್ಥಾನಗಳ ಆಡಳಿತದಲ್ಲಿರುವವರು ಇಲ್ಲಿ ಕೆಲವರಿದ್ದೀರಿ. ನಿಮ್ಮ ಜಾತ್ರೆಯ ಆಮಂತ್ರಣ ಪತ್ರಿಕೆಯಲ್ಲಿ ಊಟದ ಸೇವೆಯವರ ಹೆಸರು, ಆಟದ ಮೇಳದ ಹೆಸರು, ಸಿಡಿಮದ್ದಿನವರ ಹೆಸರು ಇರುತ್ತದೆ. ವಾಲಗದವರ ಹೆಸರು ಹಾಕಿ. ಸಂಭಾವನೆಯಲ್ಲಿ ಪೀಪಿಯ ಖರ್ಚನ್ನು ಬೇರೆಯಾಗಿ ಲೆಕ್ಕಹಾಕಿ, ಅದು ಎಣ್ಣೆ ಬತ್ತಿಯಷ್ಟೇ ಪೂಜೆಯ ಸಾಮಗ್ರಿ. ಹೊಸದಾಗಿ ಕಲಿತ ಹುಡುಗನಿಗೆ ದೊಡ್ಡ ಬಲಿಯ ದಿನ ಬೇಡ, ಸೋಮವಾರದ ರಾತ್ರಿಪೂಜೆಗೆ ಹತ್ತು ನಿಮಿಷ ಕೊಡಿ. ಸ್ವರ ತಪ್ಪೀತು. ತಪ್ಪಲಿ. ನನ್ನದೂ ತಪ್ಪಿತ್ತು, ಗರ್ಭಗುಡಿಯ ದೀಪ ಆರಲಿಲ್ಲ. ಬರಿಮೈಯಲ್ಲಿ ಹೊರಗೆ ನಿಂತ ಕಾಲ ಹೋಗಲಿ, ನಾದ ಮಾತ್ರ ಹೋಗದಿರಲಿ. ಇದಕ್ಕಾಗಿ ಯಾವ ಮನೆಯ ಮಗುವೇ ಬಂದರೂ ಕಲಿಸಲು ನಾವು ತಯಾರಿದ್ದೇವೆ, ಹೆಣ್ಣುಮಕ್ಕಳು ಬಂದರೂ. ಈಗಾಗಲೇ ಇಬ್ಬರು ಬರುತ್ತಿದ್ದಾರೆ.

ನನ್ನ ಗುರುಗಳು ಈಗಿಲ್ಲ. ಅವರ ಗೊಂಚಲಿನ ಸೂಜಿ ನನ್ನ ನಾಗಸ್ವರದಲ್ಲಿ ತೂಗುತ್ತಿದೆ, ನೋಡಿ, ಈ ಕೊಂಬಿನದು. ಅವರು ಕೊನೆಯದಾಗಿ ಕಲಿಸಿದ್ದು ವಾಲಗದ ಸುತ್ತಿನ ಮೊದಲ ನಡೆ, ನಾನು ಹೆಜ್ಜೆ ತಪ್ಪಿಸಿದ್ದ ಅದೇ ನಡೆ. ಅದು ಕೈವಶವಾದ ಮೇಲೆ ಅದೇ ದೇವಸ್ಥಾನದ ಜಾತ್ರೆಯಲ್ಲಿ ಅದನ್ನು ನುಡಿಸಿದೆ. ಭಟ್ಟರು ಏನೂ ಹೇಳಲಿಲ್ಲ. ಮೂರು ಸುತ್ತು ಮುಗಿಸಬೇಕಾದವರು ಐದು ಸುತ್ತು ಬಂದರು.

ಪೀಪಿ ನೆನೆದಿದೆಯೇನಪ್ಪ? ಕೊಡು. ಡೋಲಿನವರು ಸ್ವಲ್ಪ ಮುಂದೆ ಬನ್ನಿ. ಮೈಕು ಬೇಡ, ಆಚೆಗೆ ಸರಿಸಿ. ನೀನು ಶ್ರುತಿ ಹಿಡಿ.